ಪಕ್ಕದಲ್ಲೊಂದು ಮೆಟ್ಟುಗತ್ತಿ

ಪ್ರಶ್ನೆ: ಕೆಲಸ ಕೊಡಿಸುತ್ತೇನೆಂದು ದಲ್ಲಾಳಿಯೊಬ್ಬ ಕರೆದೊಯ್ದು ಮಾರಿದ್ದ ನಮ್ಮ ಅಕ್ಕನ ಮಗಳು ಎರಡು ವರ್ಷದ ಬಳಿಕ ಮನೆಗೆ ಬಂದಿದ್ದಾಳೆ. ಊರಿನವರು ಮಾತನಾಡಿಸುವುದಿಲ್ಲ. ನೆಂಟರು ಬೇಗ ಮದುವೆ ಮಾಡಿಬಿಡಿ ಎನ್ನುತ್ತಾರೆ. ಏನು ಮಾಡಲಿ?
– ಚಿಕ್ಕಮ್ಮ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮದುವೆಯ ಮಾತು ಸದ್ಯ ಅಟ್ಟಕ್ಕೇರಲಿ ತಾಯಿ. ನಮ್ಮ ಕೇರಿಗೂ ಹೀಗೊಬ್ಬಳು ಮರಳಿದ್ದಳು. ಅಡಿಕೆ ಸುಲಿಯುವ ಕಾಲ. ನನ್ನ ಅತ್ತೆ ಏನನ್ನೂ ಕೇಳದೆ ತಮ್ಮ ಪಕ್ಕದಲ್ಲೇ ಅವಳಿಗೊಂದು ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಇಟ್ಟರು. ಸುಲಿತದ ಮೊದಲ ರಾತ್ರಿ ಉಳಿದವರು ದೂರ ಸರಿದು ಕುಳಿತರು. ನಾಲ್ಕನೇ ರಾತ್ರಿ ಯಾರೋ ಎಲೆಯಡಿಕೆ ತಟ್ಟೆಯನ್ನು ಅವಳತ್ತ ದಾಟಿಸಿದರು. ಸುಲಿದ ಅಡಿಕೆಯ ಡಬ್ಬದ ಲೆಕ್ಕ ಹಾಕಿದಾಗ ಅವಳದೇ ಹೆಚ್ಚು! (ಆಗ ಹೊಟ್ಟೆಕಿಚ್ಚಿನ ಮಾತು ಬಂತು, ಮೌನಕ್ಕಿಂತ ಅದೇ ವಾಸಿ ಎನ್ನಿಸಿತು.) ಕೂಲಿಯನ್ನು ಅತ್ತೆ ಅವಳ ಕೈಗೇ ಕೊಟ್ಟರು, ಅಪ್ಪನ ಕೈಗಲ್ಲ.

ಇನ್ನು ಕಾನೂನಿನ ಮಾತು. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅವಳೊಂದಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಾನವ ಕಳ್ಳಸಾಗಣೆಗೆ ಒಳಗಾದವರಿಗೆ ವಕೀಲರ ನೆರವು ಉಚಿತ. ಆದಾಯದ ಮಿತಿ ಇಲ್ಲ. ಪರಿಹಾರಕ್ಕೂ ಅಲ್ಲೇ ಅರ್ಜಿ ಹಾಕಬಹುದು. ದಲ್ಲಾಳಿಯ ಪತ್ತೆಯಾಗದಿದ್ದರೂ ಹಾಕಬಹುದು, ಇದನ್ನು ಗಟ್ಟಿಯಾಗಿ ಹೇಳಿ. ಫೋನ್ ಮಾಡುವುದಾದರೆ ಕಾನೂನು ನೆರವಿನ ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181. ಬ್ಯಾಂಕ್ ಖಾತೆ ಅವಳ ಹೆಸರಿನಲ್ಲೇ ಇರಲಿ, ಪಾಸ್‌ಬುಕ್ ಅವಳ ಬಳಿಯೇ ಇರಲಿ.

ಮನೆಗೆ ಬಂದ ನೆಂಟರು ‘ಅಲ್ಲಿ ಏನಾಯಿತು?’ ಎಂದು ಕೆದಕಿದರೆ ಕಾಫಿ ಕೊಟ್ಟು ಮಳೆಯ ವಿಚಾರ ತೆಗೆಯಿರಿ. ಆಗುಂಬೆಯ ಕಡೆಯವರಿಗೆ ಅದಕ್ಕೇನು ಬರವೇ?