ಫುಟ್‌ಬಾಲ್‌ನಲ್ಲಿ ಸೆಂಟರ್ ಬ್ಯಾಕ್ ಆಡುವವರಿಗೂ, ಅಂದರೆ ಗೋಲಿನ ಮುಂದೆ ರಕ್ಷಣೆಗೆ ನಿಲ್ಲುವವರಿಗೂ, ಬ್ಯಾಲೆನ್ಸ್ ಅಭ್ಯಾಸ ಬೇಕಾ? ಅದು ಮಿಡ್‌ಫೀಲ್ಡರ್, ವಿಂಗರ್‌ಗಳಿಗೆ ತಾನೆ?

ಇದೇ ಮಾತನ್ನು ನಾನೂ ಹೇಳಿಕೊಂಡು ತಿರುಗಿದವನು, ಅದೂ ನಿಮ್ಮ ಜಾಗದಲ್ಲೇ ಆಡುತ್ತ. ಚೆಂಡಿನ ಜೊತೆ ಗಿರಕಿ ಹೊಡೆಯುವವರು ಅವರು, ನನ್ನ ಕೆಲಸ ಹಾರಿ ಚೆಂಡನ್ನು ತಲೆಯಿಂದ ಹೊಡೆಯುವುದು, ಅಂದರೆ ಹೆಡ್ ಮಾಡುವುದು ಅಂದುಕೊಂಡಿದ್ದೆ. ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಶುರುವಾದರೆ ನೀರು ಕುಡಿಯಲು ಹೋಗಿಬಿಡುತ್ತಿದ್ದೆ.

ಒಮ್ಮೆ ಹೆಡ್ ಮಾಡಿ ಇಳಿಯುವಾಗ ಎಡಗಾಲು ಎದುರಾಳಿಯ ಬೂಟಿನ ಮೇಲೆ ಬಿದ್ದು ಉಳುಕಿತು. ಹತ್ತು ದಿನದಲ್ಲಿ ಬಾವು ಇಳಿಯಿತು, ನೋವೂ ಹೋಯಿತು. ಮೈದಾನದ ಉದ್ದಕ್ಕೂ ಓಡಿ ನೋಡಿದೆ, ಏನೂ ಆಗಲಿಲ್ಲ. ಆಡಲು ಇಳಿದೆ.

ನಾನು ಎಡವಿದ್ದು ಇಲ್ಲೇ. ನೇರವಾಗಿ ಓಡಿದ್ದನ್ನೇ ಪರೀಕ್ಷೆ ಅಂದುಕೊಂಡೆ. ಕಾಲು ಉಳುಕಿದಾಗ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಮಾತ್ರವೇ ಪೆಟ್ಟು ತಿನ್ನುವುದಿಲ್ಲ. ಪಾದ ಎತ್ತ ವಾಲಿದೆ ಎಂದು ಮಿದುಳಿಗೆ ತಿಳಿಸುವ ಸಂವೇದನೆಯೂ ಮಂಕಾಗುತ್ತದೆ, ನೋವು ಹೋದ ಮೇಲೂ ಹಾಗೇ ಉಳಿಯಬಹುದು. ನಾವು ಬೀಳದೆ ನಿಲ್ಲುವುದು ಕಣ್ಣು, ಒಳಕಿವಿ, ಕೀಲು–ಸ್ನಾಯುಗಳ ಸಂವೇದನೆ ಈ ಮೂರರ ಬಲದಿಂದ. ಓಡುವಾಗ ಕಾಲಿನ ಕೊರತೆಯನ್ನು ಕಣ್ಣು ತುಂಬಿಕೊಡುತ್ತದೆ. ಹೆಡ್ ಮಾಡುವವನ ಕಣ್ಣು ಎಲ್ಲಿರುತ್ತದೆ ಹೇಳಿ? ಮೇಲೆ, ಚೆಂಡಿನ ಮೇಲೆ. ತಲೆ ಹಿಂದಕ್ಕೆ ವಾಲಿರುತ್ತದೆ, ಗಾಳಿಯಲ್ಲಿ ಯಾರದೋ ಭುಜ ತಗುಲಿರುತ್ತದೆ. ನೆಲ ಮುಟ್ಟುವ ಹೊತ್ತಿಗೆ ಹೆಚ್ಚಿನ ಭಾರವೆಲ್ಲ ಆ ಕಣಕಾಲಿನ ಅರಿವಿನ ಮೇಲೇ. ನನ್ನದು ಆಗ ಮಂಕಾಗಿತ್ತು. ಮೂರನೇ ಪಂದ್ಯದ ಒಂದು ಕಾರ್ನರ್ ಕಿಕ್‌ನಲ್ಲಿ, ಯಾರೂ ಮುಟ್ಟದೆ, ಅದೇ ಕಾಲು ಮತ್ತೆ ಹೊರಳಿತು. ಇಡೀ ಸೀಸನ್ ಹೋಯಿತು.

ಆಮೇಲೆ ಫಿಸಿಯೋ ಕಣ್ಣು ಮುಚ್ಚಿಸಿ ಎಡಗಾಲಲ್ಲಿ ನಿಲ್ಲಿಸಿದರು. ಐದು ಎಣಿಸುವಷ್ಟರಲ್ಲಿ ಬಲಗಾಲು ನೆಲಕ್ಕೆ ಬಂತು. ಈ ಒಂದು ನಿಮಿಷದ ಪರೀಕ್ಷೆಯನ್ನು ನಾನೇ ಮಾಡಿಕೊಳ್ಳಬಹುದಿತ್ತು ಅನ್ನುವುದು ಇವತ್ತಿಗೂ ನೋಯಿಸುತ್ತದೆ.

ಹಾಗಾಗಿ ಬ್ಯಾಲೆನ್ಸ್ ಯಾವ ಜಾಗದವರಿಗೆ ಬೇಕು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚೆಂಡು ಒದೆಯುವಾಗ ಎಲ್ಲರೂ ಒಂಟಿ ಕಾಲಲ್ಲೇ ನಿಂತಿರುತ್ತಾರೆ. ಜಾಗ ಬದಲಾದಂತೆ ಬದಲಾಗುವುದು ಬ್ಯಾಲೆನ್ಸಿನ ಬಗೆ. ಗೋಲ್‌ಕೀಪರ್‌ಗೆ ಒಂದೇ ಕಾಲಿನಿಂದ ಪಕ್ಕಕ್ಕೆ ಚಿಮ್ಮಬೇಕು, ಮಿಡ್‌ಫೀಲ್ಡರ್‌ಗೆ ಬೆನ್ನ ಮೇಲೆ ಒಬ್ಬನಿದ್ದರೂ ತಿರುಗಬೇಕು, ನಮಗೆ ನೆಲ ನೋಡದೆ ಇಳಿಯಬೇಕು. ಅದನ್ನೇ ಅಭ್ಯಾಸ ಮಾಡಿ: ಜೊತೆಗಾರ ಎತ್ತರಕ್ಕೆ ಎಸೆದ ಚೆಂಡನ್ನು ಹೆಡ್ ಮಾಡಿ, ಒಂದೇ ಕಾಲಲ್ಲಿ ಇಳಿದು, ಅಲುಗದೆ ನಿಲ್ಲಿ. ಎರಡೂ ಕಾಲಿಗೆ ಸಮನಾಗಿ. ಫಿಫಾ 11+ ಎಂಬ 20 ನಿಮಿಷದ ವಾರ್ಮ್ ಅಪ್‌ನಲ್ಲಿ ಒಂಟಿ ಕಾಲಿನ ವ್ಯಾಯಾಮಗಳಿವೆ, ವಾರಕ್ಕೆ ಎರಡು ಸಲವಾದರೂ ಬಿಡಬೇಡಿ.

ಹಿಂದೆ ಕಾಲು ಉಳುಕಿತ್ತೇ ಎಂದು ನೀವು ಬರೆದಿಲ್ಲ. ಉಳುಕಿದ್ದರೆ, ಯಾವುದನ್ನಾದರೂ ಹಿಡಿದುಕೊಳ್ಳಲು ಪಕ್ಕದಲ್ಲಿಟ್ಟುಕೊಂಡು, ಇವತ್ತೇ ಆ ಕಾಲಲ್ಲಿ ಕಣ್ಣು ಮುಚ್ಚಿ ನಿಂತು ಎಣಿಸಿ. ಆಮೇಲೆ ಇನ್ನೊಂದು ಕಾಲಲ್ಲಿ.