ತಾಟೆ ಮೀನಿನಲ್ಲಿ ಸೆಲೆನಿಯಂ ಇದೆ, ಹಾಗಾದ್ರೆ ಬಸುರಿ ತಿನ್ನಬಹುದಾ?

ನಿಮ್ಮ ಹೆಂಡತಿಗೆ ಈಗ ಐದು ತಿಂಗಳು, ಸೆಲೆನಿಯಂ ಎಂಬ ಖನಿಜಾಂಶ ಇರುವುದರಿಂದ ತಾಟೆಯ (ಶಾರ್ಕ್) ಪಾದರಸ ಏನೂ ಮಾಡಲ್ಲ ಅಲ್ವಾ ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ನಂಬಿ ಕೊಡಬೇಡಿ.

ಸೆಲೆನಿಯಂ ಪಾದರಸವನ್ನು ಹಿಡಿದಿಡುತ್ತದೆ, ನಿಜ. ಆದರೆ ತಾಟೆ ಬೇರೆ ಮೀನು ತಿಂದು ವರ್ಷಗಟ್ಟಲೆ ಬದುಕುವ ಶಾರ್ಕ್. ವಯಸ್ಸಾದಂತೆ ಅದರ ಮೈಯಲ್ಲಿ ಪಾದರಸ ಸೇರುತ್ತಲೇ ಹೋಗುತ್ತದೆ, ಸೆಲೆನಿಯಂ ಅಷ್ಟೇ ಏರುವುದಿಲ್ಲ. ದೊಡ್ಡ ಶಾರ್ಕ್‌ಗಳಲ್ಲಿ ಕೆಲವೊಮ್ಮೆ ಪಾದರಸವೇ ಜಾಸ್ತಿ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಲೆಕ್ಕದಲ್ಲಿ ಶಾರ್ಕ್‌ನಲ್ಲಿ ಪಾದರಸ ಸರಾಸರಿ ಕಿಲೋಗೆ ಸುಮಾರು 0.98 ಮಿಲಿಗ್ರಾಂ. ಬೂತಾಯಿ (ಸಾರ್ಡಿನ್) ಜಾತಿಯ ಮೀನುಗಳಲ್ಲಿ ಬರೀ 0.013! ಪಾದರಸ ಮಾಂಸದೊಳಗೇ ಇರುವುದರಿಂದ ಹುಳಿ ಹಾಕಿ ಕುದಿಸಿದರೂ ಹೋಗಲ್ಲ. ಅದು ಮಗುವಿನ ಮಿದುಳಿಗೂ ತಲುಪುತ್ತದೆ.

ಈಗಾಗಲೇ ಒಂದೆರಡು ಸಲ ತಿಂದಿದ್ದರೆ ಗಾಬರಿ ಬೇಡ, ಡಾಕ್ಟರಿಗೆ ಹೇಳಿ. ಮೀನನ್ನೇ ಬಿಡಿಸಬೇಡಿ, ಬೂತಾಯಿ ಸಾರು ಮಾಡಿಕೊಡಿ.