ಡಿಸ್ಚಾರ್ಜ್ ಆಯ್ತು, ಆಮೇಲೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಆಸ್ಪತ್ರೆಯಿಂದ ಮನೆಗೆ ಬಂದಾಯ್ತು, ಈಗ ದಿನ ದೂಡೋದು ಹೇಗೆ ಅಂತ. ನಿಮ್ಮ ಕಾಯಿಲೆಗೆ ಏನು ಚಿಕಿತ್ಸೆ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು. ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು ನಾನು, ಮನೆಯೊಳಗೆ ಉಪಯೋಗಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ಪ್ರಶ್ನೆ: ಅಕ್ಕಾ, ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದಾರೆ. ಮನೆಗೆ ಬಂದು ಎರಡನೇ ವಾರ ನಡೆಯುತ್ತಿದೆ. ಗಾಯ ಚೆನ್ನಾಗಿ ಮಾಯುತ್ತಿದೆ ಅಂದರು. ಆದರೆ ಸ್ನಾನ ಮಾಡಿ ಬಂದರೆ ಸಾಕು, ಮತ್ತೆ ಮಲಗಿಬಿಡೋಣ ಅನಿಸುತ್ತದೆ. ನಮ್ಮ ಮನೆಯವರು "ಡಿಸ್ಚಾರ್ಜ್ ಮಾಡಿದ್ದಾರೆ ಅಂದ್ರೆ ವಾಸಿಯಾಗಿದೆ ಅಂತ ತಾನೇ" ಅನ್ನುತ್ತಾರೆ. ನಾನು ಸೋಮಾರಿಯಾಗಿಬಿಟ್ಟೆನಾ?

ಉತ್ತರ: ಇಲ್ಲ. ನಿಮ್ಮ ಮನೆಯವರಿಗೂ ಇದನ್ನು ಓದಿಸಿ. ಆಸ್ಪತ್ರೆಯವರು ಮಾಡಬೇಕಾದ ಕೆಲಸ ಮುಗಿದಾಗ ಡಿಸ್ಚಾರ್ಜ್ ಮಾಡುತ್ತಾರೆ. ನಿಮ್ಮ ಮೈ ಮಾಡಿಕೊಳ್ಳಬೇಕಾದ ರಿಪೇರಿ ಇನ್ನೂ ಅರ್ಧಕ್ಕೂ ಬಂದಿರುವುದಿಲ್ಲ. ಆಸ್ಪತ್ರೆಯಲ್ಲಿ ನೀವು ಸರಿಯಾಗಿ ನಿದ್ದೆ ಮಾಡಿದ್ದೀರಾ ಹೇಳಿ. ರಾತ್ರಿ ಬಿಪಿ ನೋಡಲು ಎಬ್ಬಿಸುತ್ತಾರೆ, ಲೈಟ್ ಆರುವುದಿಲ್ಲ, ಪಕ್ಕದ ಬೆಡ್ಡಿನವರ ನರಳಾಟ, ಮೇಲೆ ಟೆಸ್ಟ್ ಇದೆ ಅಂತ ಊಟ ಬಿಡಿಸುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೃದಯ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ 2013ರಲ್ಲಿ ಈ ಸುಸ್ತಿಗೆ 'ಪೋಸ್ಟ್ ಹಾಸ್ಪಿಟಲ್ ಸಿಂಡ್ರೋಮ್' ಅಂತಲೇ ಹೆಸರು ಕೊಟ್ಟರು. ಅಲ್ಲಿ ಆಸ್ಪತ್ರೆಯಿಂದ ಹೋದ ವಯಸ್ಸಾದವರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು 30 ದಿನದೊಳಗೆ ವಾಪಸ್ ಬರುತ್ತಿದ್ದರು, ಅದೂ ಎಷ್ಟೋ ಸಲ ಮೊದಲಿನ ಕಾಯಿಲೆಗೆ ಅಲ್ಲ, ಇನ್ನೇನೋ ಆಗಿ. ಮಲಗಿದಲ್ಲೇ ಇದ್ದರೆ ಮಾಂಸಖಂಡವೂ ಕರಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದಾಗ ಬರೀ ಕಾಲಿನಿಂದಲೇ ಸುಮಾರು ಒಂದು ಕಿಲೋ ಇಳಿದಿತ್ತು.

ಸ್ನಾನದ ವಿಷಯಕ್ಕೆ ಬರೋಣ. ಬೇರೆಯವರಿಗೆ ಅದೊಂದು ಕೆಲಸ ಅಂತಲೇ ಅನಿಸುವುದಿಲ್ಲ, ಆದರೆ ಹೊಸದಾಗಿ ಮನೆಗೆ ಬಂದವರಿಗೆ ದಿನದ ಅತಿ ಕಷ್ಟದ ಕೆಲಸ ಅದೇ. ನಿಂತಿರಬೇಕು, ಬಗ್ಗಬೇಕು, ಕೈ ಎತ್ತಿ ತಲೆ ಉಜ್ಜಬೇಕು, ಮೇಲಿಂದ ಬಿಸಿನೀರಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಆದ್ದರಿಂದ ಜಾರದ ಸ್ಟೂಲ್ ಹಾಕಿಕೊಂಡು ಕೂತು ಸ್ನಾನ ಮಾಡಿ, ನೀರು ಉಗುರುಬೆಚ್ಚಗೆ ಇರಲಿ. ಬಾಗಿಲಿಗೆ ಚಿಲಕ ಹಾಕಬೇಡಿ, ಹೊರಗೆ ಒಬ್ಬರು ಕೂಗಿದರೆ ಕೇಳುವಷ್ಟು ಹತ್ತಿರ ಇರಲಿ. ತಲೆಸ್ನಾನ ಮಾಡಿದ ದಿನ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಲೇಬೇಡಿ.

ಇನ್ನು ಭಾರ. ಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಸುಮಾರು 6 ವಾರ ನಾಲ್ಕೈದು ಕಿಲೋಗಿಂತ ಜಾಸ್ತಿ ಎತ್ತಬೇಡಿ ಅನ್ನುತ್ತಾರೆ. ನಿಮ್ಮದು ಎಷ್ಟು ಅಂತ ಡಾಕ್ಟರನ್ನೇ ಕೇಳಿಕೊಳ್ಳಿ. ಎಲ್ಲರೂ 'ಹೂಂ' ಅಂದು ತಲೆ ಆಡಿಸಿ ಮನೆಗೆ ಬಂದು ತುಂಬಿದ ಬಕೆಟ್ ಎತ್ತುತ್ತಾರೆ! 10 ಲೀಟರಿನ ಬಕೆಟ್ ತುಂಬಿದರೆ ನೀರೇ 10 ಕಿಲೋ. ನೆಂದ ಬೆಡ್‌ಶೀಟ್ ಹಿಂಡುವುದು, ಮಂಚ ಸರಿಸುವುದು ಎಲ್ಲ ಇದೇ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಸಣ್ಣ ಮಗು ಇದ್ದರೆ ನೀವು ಕೂತುಕೊಳ್ಳಿ, ಅದೇ ಪಕ್ಕಕ್ಕೆ ಬಂದು ಒರಗಿ ಕೂರಲಿ. ಹಾಸಿಗೆಯಿಂದ ನೇರವಾಗಿ ಏಳಬೇಡಿ. ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ಏಳಿ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿ, ನೋವು ಎಷ್ಟೋ ಕಮ್ಮಿ ಆಗುತ್ತದೆ.

ಹಾಗಂತ ಇಡೀ ದಿನ ಮಲಗೋದೂ ಬೇಡ. ಮನೆಯೊಳಗೇ ದಿನಕ್ಕೆ ನಾಲ್ಕಾರು ಸಲ ಓಡಾಡಿ, ಸುಸ್ತಾಗುವ ಮೊದಲೇ ಕೂತುಕೊಳ್ಳಿ. ಎಲ್ಲರೂ ಎಡವುವುದು ಚೆನ್ನಾಗಿರುವ ದಿನವೇ. ಇವತ್ತು ಹುಷಾರಾಗಿದ್ದೀನಿ ಅಂತ ಅಲಮಾರು ಕ್ಲೀನ್ ಮಾಡಲು ಹೋಗುತ್ತಾರೆ, ಮುಂದಿನ ಎರಡು ದಿನ ಏಳುವುದಿಲ್ಲ. ಮನೆಯವರು "ಏನಾದ್ರೂ ಮಾಡ್ಬೇಕಾ" ಅಂತ ಕೇಳಿದರೆ ನಮ್ಮ ಬಾಯಿಂದ "ಏನೂ ಬೇಡ" ಅಂತಲೇ ಬರುತ್ತದೆ, ಅಲ್ವಾ? ಅದರ ಬದಲು ಬಟ್ಟೆ ಒಗೆದು ಒಣಗಿಸೋದು ಗಂಡನದು, ಪಾತ್ರೆ ಮಗನದು, ನೆಲ ಒರೆಸೋದು ಬೇರೆಯವರದು ಅಂತ ಹೆಸರು ಹಿಡಿದು ಚೀಟಿ ಬರೆದು ಅಂಟಿಸಿ. ಕೂತು ಮಡಚುವ ಬಟ್ಟೆ ಬೇಕಾದರೆ ನಿಮಗಿರಲಿ.

ಪ್ರಶ್ನೆ: ಮೇಡಂ, ಅಪ್ಪನಿಗೆ 76. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ. ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ನಾನೇ ಹೋಗ್ತೀನಿ ಅಂತ ಹಟ. ಮತ್ತೆ ಬಿದ್ದರೆ ಅಂತ ನಮಗೆ ಭಯ.

ಉತ್ತರ: ಹಟ ಇರುವವರೇ ಬೇಗ ಓಡಾಡುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಪ್ಪನನ್ನು ಬದಲಾಯಿಸಲು ಹೋಗದೆ ಮನೆಯನ್ನು ಬದಲಾಯಿಸಿ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ನೀವೇ ಒಂದು ಸಲ ರಾತ್ರಿ ಲೈಟ್ ಹಾಕದೆ ಮೆಲ್ಲಗೆ ನಡೆದು ನೋಡಿ. ಕಾಲಿಗೆ ಸಿಗುವ ಕಾಲೊರೆಸು, ಚಾರ್ಜರ್ ವೈರು, ಹೊಸ್ತಿಲ ಹತ್ತಿರದ ಚಪ್ಪಲಿ ರಾಶಿ ಎಲ್ಲ ಆಗಲೇ ಗೊತ್ತಾಗುತ್ತದೆ. ಅವನ್ನು ತೆಗೆದು ದಾರಿಯಲ್ಲಿ ಸಣ್ಣ ನೈಟ್ ಲ್ಯಾಂಪ್ ಹಾಕಿ. ಹಿಮ್ಮಡಿ ಬಿಗಿಯಾಗಿ ಹಿಡಿಯುವ ಚಪ್ಪಲಿ ಕೊಡಿಸಿ.

ಬಾತ್‌ರೂಮಿನಲ್ಲಿ ಟವೆಲ್ ನೇತುಹಾಕುವ ರಾಡು ಮನುಷ್ಯರ ಭಾರ ತಡೆಯುವುದಿಲ್ಲ, ಆದರೆ ಜಾರುವವರ ಕೈ ಹೋಗುವುದು ಅದಕ್ಕೇ. ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಮಾಡಿದ ಹಿಡಿಕೆ ಹಾಕಿಸಿ. ಕಮೋಡಿನ ಸೀಟು ತಗ್ಗಾಗಿದ್ದರೆ ಮೇಲೆ ಇಡುವ ಎತ್ತರದ ಸೀಟು ಸಿಗುತ್ತದೆ. ಕೀಲು ಬದಲಿಸಿದ್ದರೆ, ಕೆಲವು ವಿಧಾನದ ಆಪರೇಷನ್‌ಗಳಲ್ಲಿ ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು ಅಂತ ಕೆಲವು ವಾರ ನಿಯಮ ಇರುತ್ತದೆ. ಅಪ್ಪನಿಗೆ ಅದು ಇದೆಯಾ ಅಂತ ಸರ್ಜನ್ ಹತ್ತಿರ ಖಚಿತ ಮಾಡಿಕೊಳ್ಳಿ. ಇದ್ದರೆ ತಗ್ಗು ಸೋಫಾ ಪೂರ್ತಿ ಬಂದ್. ಕೈ ಇರುವ, ಗಟ್ಟಿಯಾದ, ಕೂತಾಗ ಮಂಡಿ ಸೊಂಟಕ್ಕಿಂತ ಕೆಳಗಿರುವ ಕುರ್ಚಿ ಸಾಕು. ಏಳುವಾಗ ಕುರ್ಚಿಯ ಕೈ ಒತ್ತಿ ಅವರೇ ಏಳಲಿ, ನೀವು ಕೈ ಹಿಡಿದು ಎಳೆದರೆ ಅವರ ಭುಜವೂ ಹೋಗುತ್ತದೆ, ನಿಮ್ಮ ಬೆನ್ನೂ ಹೋಗುತ್ತದೆ.

ಊರುಗೋಲನ್ನು ಎಷ್ಟೋ ಜನ ತಪ್ಪು ಕೈಯಲ್ಲಿ ಹಿಡಿಯುತ್ತಾರೆ. ನೋವಿರುವ ಕಾಲಿನ ಪಕ್ಕದ ಕೈಯಲ್ಲಿ ಅಲ್ಲ, ಒಳ್ಳೆ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ನೋವಿನ ಕಾಲು ಮುಂದಿಡುವಾಗ ಕೋಲೂ ಜೊತೆಗೆ ಹೋಗಬೇಕು. ಕೈ ಸುಮ್ನೆ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಇರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹತ್ತುವಾಗ ನೀವು ಅವರ ಹಿಂದೆ ಇರಿ, ಇಳಿಯುವಾಗ ಮುಂದೆ. ಬೆಳಗ್ಗೆ ಎದ್ದ ತಕ್ಷಣ ನಡೆಯುವುದು ಬೇಡ, ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂತು ತಲೆ ಸುತ್ತುತ್ತಿಲ್ಲ ಅಂತ ನೋಡಿಕೊಂಡು ಏಳಲಿ. ಮತ್ತೆ ಶೇವಿಂಗ್, ಹಲ್ಲುಜ್ಜುವುದು, ಶರ್ಟಿನ ಗುಂಡಿ, ಇವು ಎಷ್ಟೇ ನಿಧಾನ ಆದರೂ ಅವರೇ ಮಾಡಿಕೊಳ್ಳಲಿ. ನಿಮಗೆ ಅವಸರ ಅಂತ ನೀವು ಮಾಡಿಬಿಟ್ಟರೆ ಆಮೇಲೆ ಅದು ನಿಮ್ಮ ಕೆಲಸವೇ ಆಗಿ ಉಳಿಯುತ್ತದೆ.

ಪ್ರಶ್ನೆ: ಅತ್ತೆಗೆ ಆಸ್ಪತ್ರೆಯವರು ಒಂದು ಚೀಲ ಮಾತ್ರೆ ಕೊಟ್ಟಿದ್ದಾರೆ, ಮನೆಯಲ್ಲಿ ಹಳೇದು ಒಂದು ಡಬ್ಬಿ ಇದೆ. ಎರಡೂ ಕೊಡಬೇಕಾ?

ಉತ್ತರ: ಕೇಳದೆ ಎರಡನ್ನೂ ಸೇರಿಸಿ ಕೊಡಬೇಡಿ! ಮನೆಗೆ ಬಂದ ಮೊದಲ ವಾರದ ದೊಡ್ಡ ಗಂಡಾಂತರ ಇದೇ. ಒಂದೇ ಔಷಧ ಬೇರೆ ಬೇರೆ ಕಂಪನಿ ಹೆಸರಲ್ಲಿ ಬರುತ್ತದೆ. ಆಸ್ಪತ್ರೆಯ ಬಿಪಿ ಮಾತ್ರೆ, ಮನೆಯ ಬಿಪಿ ಮಾತ್ರೆ ಒಂದೇ ಆಗಿದ್ದು ಎರಡೂ ಹೊಟ್ಟೆಗೆ ಹೋದರೆ ಎದ್ದು ನಿಂತಾಗ ಕುಸಿದು ಬೀಳುತ್ತಾರೆ. ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿರುವ ಹೆಸರನ್ನು ನೋಡಬೇಡಿ, ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಪ್ಯಾರಸಿಟಮಾಲ್ ನೋವಿನ ಮಾತ್ರೆಯಲ್ಲೂ ಇರುತ್ತದೆ, ನೆಗಡಿ ಮಾತ್ರೆಯಲ್ಲೂ ಇರುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ತೂಕ ಕಮ್ಮಿ ಇದ್ದರೆ, ಲಿವರ್ ತೊಂದರೆ ಇದ್ದರೆ ಇನ್ನೂ ಕಮ್ಮಿ.

ಹಳೇ ಡಬ್ಬಿ, ಹೊಸ ಚೀಲ, ಡಿಸ್ಚಾರ್ಜ್ ಸಮ್ಮರಿ ಮೂರನ್ನೂ ಹಿಡಿದು ಡಾಕ್ಟರ್ ಹತ್ತಿರವೋ ಔಷಧ ಅಂಗಡಿಯ ಫಾರ್ಮಸಿಸ್ಟ್ ಹತ್ತಿರವೋ ಇವತ್ತೇ ಹೋಗಿ. ಯಾವುದು ಮುಂದುವರಿಸಬೇಕು, ಯಾವುದು ನಿಲ್ಲಿಸಬೇಕು, ಯಾವುದು ಎಷ್ಟು ದಿನಕ್ಕೆ ಅಂತ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ನುಂಗೋಕೆ ಆಗಲ್ಲ ಅಂತ ಮಾತ್ರೆ ಪುಡಿ ಮಾಡುವ ಮೊದಲೂ ಕೇಳಿ, ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳನ್ನು ಪುಡಿ ಮಾಡಬಾರದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಜೋರು ನೋವಿನ ಮಾತ್ರೆ ಇದ್ದರೆ ಮಲಬದ್ಧತೆ ಆಗುವುದು ಮಾಮೂಲು. ನಾಚಿಕೆ ಬಿಟ್ಟು ಮೊದಲೇ ಹೇಳಿ ಅದಕ್ಕೂ ಔಷಧ ಬರೆಸಿಕೊಳ್ಳಿ.

ಪ್ರಶ್ನೆ: ನೋಡೋಕೆ ಬರುವವರು ಎರಡು ಗಂಟೆ ಕೂರುತ್ತಾರೆ. ಹೇಗೆ ಹೇಳೋದು?

ಉತ್ತರ: ನೀವು ಹೇಳಬೇಡಿ, ಮನೆಯಲ್ಲಿ ಇನ್ನೊಬ್ಬರು ಹೇಳಲಿ. "ಡಾಕ್ಟರ್ ಕಾಲು ಗಂಟೆ ಅಂದಿದ್ದಾರೆ" ಅಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕೆಮ್ಮು, ಜ್ವರ ಇರುವವರು ಫೋನಲ್ಲೇ ವಿಚಾರಿಸಲಿ.

ಪ್ರಶ್ನೆ: ನನ್ನ ಹೆಂಡತಿ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದಳು. ಈಗ ರಾತ್ರಿ ಬೆಚ್ಚಿ ಏಳುತ್ತಾಳೆ. ಅಲ್ಲಿ ತನ್ನನ್ನು ಕಟ್ಟಿಹಾಕಿ ಕೊಲ್ಲಲು ನೋಡಿದರು ಅನ್ನುತ್ತಾಳೆ. ಒಲೆ ಹಚ್ಚಿ ಮರೆಯುತ್ತಾಳೆ. ತಲೆಗೇನಾದರೂ ಆಗಿದೆಯಾ?

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ, ಹುಚ್ಚೂ ಹಿಡಿದಿಲ್ಲ. ಐಸಿಯುನಲ್ಲಿ ಸೋಂಕು, ನಿದ್ದೆ ಬರಿಸುವ ಔಷಧ, ಹಗಲು ರಾತ್ರಿ ಗೊತ್ತಾಗದ ಬೆಳಕು ಎಲ್ಲ ಸೇರಿ ಎಷ್ಟೋ ಜನರಿಗೆ ಡೆಲಿರಿಯಂ ಆಗುತ್ತದೆ, ಅಂದರೆ ಸ್ವಲ್ಪ ಕಾಲ ತಲೆ ಗೊಂದಲವಾಗಿ ಇಲ್ಲದ್ದೂ ಇದ್ದಂತೆ ಕಾಣುತ್ತದೆ. ಆಗ ಕಂಡದ್ದು ಕನಸಿನಂತೆ ಅಳಿಸಿಹೋಗುವುದಿಲ್ಲ, ನಿಜವಾಗಿ ನಡೆದದ್ದು ಅಂತಲೇ ಉಳಿದುಬಿಡುತ್ತದೆ. ಐಸಿಯುನಿಂದ ಬಂದ ಮೇಲೆ ಕಾಡುವ ಮರೆವು, ಭಯ, ಕೈಕಾಲು ಸೋಲುವುದು, ಇವಕ್ಕೆಲ್ಲ ಸೇರಿಸಿ 'ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್' ಅನ್ನುತ್ತಾರೆ. "ಹಾಗೇನೂ ಆಗಿಲ್ಲ, ಬಿಡು" ಅಂತ ಬಾಯಿ ಮುಚ್ಚಿಸಬೇಡಿ. ಪೂರ್ತಿ ಕೇಳಿ, ಆಮೇಲೆ ಅಲ್ಲಿ ನಿಜವಾಗಿ ಏನಾಯ್ತು ಅಂತ ಹೇಳಿ. ಕೈ ಕಟ್ಟಿದ್ದು ಬಹುಶಃ ಟ್ಯೂಬ್ ಕಿತ್ತುಕೊಳ್ಳದಿರಲಿ ಅಂತ ಇರಬಹುದು. ಸ್ಕ್ಯಾಂಡಿನೇವಿಯಾದ ಆಸ್ಪತ್ರೆಗಳಲ್ಲಿ ನರ್ಸುಗಳೂ ಮನೆಯವರೂ ಸೇರಿ ರೋಗಿಗಾಗಿ ಐಸಿಯು ಡೈರಿ ಬರೆಯುವ ರೂಢಿ ಬೆಳೆಯಿತು, ಇವತ್ತು ಏನಾಯ್ತು, ಯಾರು ಬಂದಿದ್ದರು ಅಂತ. ನೀವು ಈಗಲೂ ನೆನಪು ಮಾಡಿಕೊಂಡು ಬರೆಯಬಹುದು, ಅವರಿಗೆ ಬೇಕೆನಿಸಿದಾಗ ಓದಲಿ.

ಒಲೆ ಹತ್ತಿರ ಸದ್ಯಕ್ಕೆ ಒಬ್ಬರೇ ಬೇಡ. ಮಾಡಿದ ಕೆಲಸಕ್ಕೆ ಟಿಕ್ ಹಾಕುವ ಚೀಟಿ, ಫೋನಿನ ಅಲಾರಂ ಇವೆಲ್ಲ ನಿಜಕ್ಕೂ ಕೆಲಸ ಮಾಡುತ್ತವೆ. ಸುಧಾರಿಸಲು ತಿಂಗಳುಗಳೇ ಹಿಡಿಯಬಹುದು. ಆದರೆ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಒಂದು ಮಾತು, ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ವಾರಕ್ಕೆ ಒಂದೆರಡು ರಾತ್ರಿಯಾದರೂ ಬೇರೆ ಯಾರಾದರೂ ಅವರ ಜೊತೆ ಮಲಗಲಿ, ನೀವು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿ ನಿದ್ದೆ ಮಾಡಿ.

ಪ್ರಶ್ನೆ: ಯಾವುದಕ್ಕೆ ನಾಳೆ ನೋಡೋಣ ಅನ್ನಬಾರದು?

ಉತ್ತರ: ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಏದುಸಿರು ಅಥವಾ ಎದೆನೋವು ಬಂದರೆ ಒಂದು ಗಂಟೆಯೂ ಕಾಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಈ ಅಪಾಯ ಮನೆಗೆ ಬಂದು ಸುಮಾರು ಮೂರು ತಿಂಗಳವರೆಗೂ ಇರುತ್ತದೆ. ಗಾಯ ಕೆಂಪಾಗಿ ಬಿಸಿಯಾಗುವುದು, ಕೀವು, 38 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಜ್ವರ, ಮೂತ್ರ ಕಟ್ಟುವುದು, ಇವಕ್ಕೆ ಅವತ್ತೇ ಫೋನ್ ಮಾಡಿ.

ಪ್ರಶ್ನೆ: ಹರ್ನಿಯಾ ಆಪರೇಷನ್ ಆಗಿದೆ. ಕಾರು ಯಾವಾಗಿಂದ ಓಡಿಸಬಹುದು?

ಉತ್ತರ: ತೂಕಡಿಕೆ ತರುವ ನೋವಿನ ಮಾತ್ರೆ ನಿಂತಿರಬೇಕು, ಡಾಕ್ಟರ್ ಸರಿ ಅಂದಿರಬೇಕು, ಇನ್ಶೂರೆನ್ಸ್‌ನವರದ್ದೇನಾದರೂ ಷರತ್ತು ಇದ್ದರೆ ಅದನ್ನೂ ನೋಡಿಕೊಳ್ಳಿ. ಆಮೇಲೆ ನಿಂತಿರುವ ಕಾರಿನಲ್ಲಿ ಬೆಲ್ಟ್ ಹಾಕಿ ಕೂತು, ಎದುರಿಗೆ ಯಾರೋ ಅಡ್ಡ ಬಂದರು ಅಂದುಕೊಂಡು ಬ್ರೇಕನ್ನು ಪೂರ್ತಿ ಒತ್ತಿ ನೋಡಿ. ಹಿಂದಕ್ಕೆ ತಿರುಗಿಯೂ ನೋಡಿ. ಒತ್ತುವಾಗ ಕೈ ತಾನಾಗಿ ಹೊಟ್ಟೆಗೆ ಹೋಯಿತಾ, ಇನ್ನೊಂದು ವಾರ ಕೀಲಿ ಬೇರೆಯವರ ಹತ್ತಿರವೇ ಇರಲಿ.